ಪುಕ್ಕಟೆ ನಕ್ಷೆಯ ಪುರಾಣ

ಇಪ್ಪತ್ತಾರು ವರ್ಷ ನಾನು ಕೂತದ್ದು ಒಂದು ಸಾರ್ವಜನಿಕ ಗ್ರಂಥಾಲಯದ ವಿಚಾರಣೆ ಮೇಜಿನ ಹಿಂದೆ. ಅಮೆರಿಕದ ಒಹಾಯೊ ರಾಜ್ಯದ ವಾಯವ್ಯ ಮೂಲೆ, ಟೊಲೀಡೊ ಪಟ್ಟಣದ ಹತ್ತಿರ. ಅಲ್ಲಿ ಜನ ನನ್ನನ್ನು ಹೆಚ್ಚಾಗಿ ಕೇಳಿದ್ದು ಪುಸ್ತಕದ ವಿಷಯವನ್ನಲ್ಲ. ಮೊದಲ ಪ್ರಶ್ನೆ, ಟಾಯ್ಲೆಟ್ ಎಲ್ಲಿದೆ. ಎರಡನೆಯದು, ರಾಜ್ಯದ ಹೈವೇ ಮ್ಯಾಪು ಎಲ್ಲಿ ಸಿಗುತ್ತದೆ. ಮೊದಲನೆಯದಕ್ಕೆ ಕೈ ತೋರಿಸಿದರೆ ಸಾಕಿತ್ತು. ಎರಡನೆಯದಕ್ಕೆ ನಾನೇ ಎದ್ದು ಹೋಗಿ ಬಾಗಿಲ ಪಕ್ಕದ ತಂತಿ ಸ್ಟ್ಯಾಂಡಿನಿಂದ ಒಂದನ್ನು ತೆಗೆದು ಕೈಗೆ ಕೊಡುತ್ತಿದ್ದೆ. ಸ್ಟ್ಯಾಂಡು ಅವರ ಮೂಗಿನ ಮುಂದೆಯೇ ಇದ್ದರೂ ನಾನೇ ಕೊಡಬೇಕು ಅನ್ನಿಸುತ್ತಿತ್ತು. ಯಾಕೆಂದರೆ ನನಗೆ ಮೊದಲ ನಕ್ಷೆ ಸಿಕ್ಕಿದ್ದೂ ಹಾಗೆಯೇ, ಒಬ್ಬಾಕೆಯ ಕೈಯಿಂದ.

ಅದು 1979ರ ಸೆಪ್ಟೆಂಬರ್. ನಾನು ಬಂದು ಹತ್ತು ದಿನ ಆಗಿತ್ತು. ನಮ್ಮ ಯಜಮಾನರಿಗೆ ಇಲ್ಲಿನ ಗಾಜಿನ ಕಾರ್ಖಾನೆಯೊಂದರಲ್ಲಿ ಕೆಲಸ. ಟೊಲೀಡೊಗೆ ಗಾಜಿನ ಊರು ಅಂತಲೇ ಹೆಸರು. ಅವರು ಕೊಂಡಿದ್ದ ಹಳೇ ಕಾರಿನಲ್ಲಿ ಭಾನುವಾರ ಸುತ್ತಾಡಲು ಹೋದಾಗ ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದರು. ಒಳಗೆ ಕಟಕಟೆಯ ಹಿಂದೆ ಬಿಳಿ ಕೂದಲಿನ ಹೆಂಗಸು. ನಾನು ಸುಮ್ಮನೆ ಗೋಡೆಯ ನಕ್ಷೆ ನೋಡುತ್ತಿದ್ದುದನ್ನು ಕಂಡು ಮಡಿಸಿದ ಒಂದು ಕಾಗದ ಮುಂದೆ ಚಾಚಿದರು. ಎಷ್ಟು ಅಂತ ಪರ್ಸು ತೆಗೆದೆ. ಆಕೆ ನಕ್ಕು, ಸರ್ಕಾರದ್ದಮ್ಮ, ದುಡ್ಡಿಲ್ಲ ಅಂದರು. ನಾನು ಎರಡೂ ಕೈಯಲ್ಲಿ ಇಸಕೊಂಡೆ, ಪ್ರಸಾದ ಇಸಕೊಳ್ಳುವ ಹಾಗೆ. ಯಜಮಾನರಿಗೆ ನಾಚಿಕೆಯಾಯಿತು.

ಅವರಿಗೆ ಅದು ಕಾಗದ. ನನಗೆ ಅಲ್ಲ. ನಮ್ಮಪ್ಪ ಕಡೂರಿನಲ್ಲಿ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್ ಆಗಿದ್ದರು. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆಯ ಒಂದು ತುಂಡು ಅವರ ಸುಪರ್ದಿಯಲ್ಲಿತ್ತು. ಆಫೀಸಿನಲ್ಲಿ ರಸ್ತೆ ನಕ್ಷೆ ಅಂತ ಒಂದಿತ್ತು. ಅಮೋನಿಯಾ ವಾಸನೆಯ ನೀಲಿ ಪ್ರತಿ, ಸುರುಳಿ ಸುತ್ತಿ ತಗಡಿನ ಕೊಳವೆಯಲ್ಲಿ ಇಟ್ಟದ್ದು. ಕೊಳವೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಹೆಡ್ ಗುಮಾಸ್ತರ ಸೊಂಟದಲ್ಲಿ. ನಾನು ಅದನ್ನು ಪೂರ್ತಿ ಬಿಚ್ಚಿ ನೋಡಿದ್ದು ಒಂದೇ ಸಲ, ಅದೂ ಅಪ್ಪ ಪಕ್ಕದಲ್ಲಿ ನಿಂತು ‘ಕೈ ಒದ್ದೆ ಇಲ್ಲ ತಾನೆ?’ ಅಂತ ಕೇಳಿದ ಮೇಲೆ. ದಾರಿ ತಪ್ಪಿದ ಲಾರಿಯವರು ಆಫೀಸಿಗೆ ಬಂದು ನಕ್ಷೆ ಕೇಳುವುದು ಯಾರ ಊಹೆಗೂ ಬರುವ ಸಂಗತಿಯಲ್ಲ. ಅವರು ಟೀ ಅಂಗಡಿಯಲ್ಲಿ ಕೇಳುತ್ತಿದ್ದರು. ಇಲ್ಲವಾದರೆ ಕಲ್ಲು ನೋಡುತ್ತಿದ್ದರು: ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯ ಹೆದ್ದಾರಿ. ದಾರಿ ಕವಲೊಡೆಯುವಲ್ಲಿ ಕೈಮರ. ಚಿಕ್ಕಮಗಳೂರಿನ ಕಡೆ ಕೈಮರ ಅನ್ನುವುದು ಊರಿನ ಹೆಸರೇ ಆಗಿದೆ.

ಹಾಗಂತ ಅಳತೆಗೆ ನಮ್ಮಲ್ಲಿ ಕೊರತೆ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿ ಎಳೆಸಿ ಆಧಾರರೇಖೆ ಅಳೆಸಿದ. ಮದರಾಸಿನಲ್ಲಿ ಶುರುವಾಯಿತೆಂದು ಎಲ್ಲರೂ ಹೇಳುವ ಮಹಾ ತ್ರಿಕೋನ ಮೋಜಣಿಗೂ ಮೊದಲು. ಅಳತೆ ನಮ್ಮ ನೆಲದ್ದು, ನಕ್ಷೆ ಮಾತ್ರ ದೊರೆಗಳದ್ದು. ದೊರೆಗಳು ಹೋದ ಮೇಲೂ ಗಡಿ, ಕರಾವಳಿಯ ವಿವರವಾದ ಹಾಳೆಗಳು ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಎಲ್ಲರಿಗೂ ಒಂದು ಸಾಲು, ಸೇನೆಗೆ ಒಂದು ಸಾಲು ಅಂತ ಹಾಳೆಗಳನ್ನು ಬೇರೆ ಮಾಡಿದ ರಾಷ್ಟ್ರೀಯ ನಕ್ಷಾ ನೀತಿ ಬಂದದ್ದು 2005ರಲ್ಲಿ. ಇಂಥ ಕಡೆಯಿಂದ ಬಂದವಳಿಗೆ ಸರ್ಕಾರವೇ ನಕ್ಷೆ ಅಚ್ಚು ಹಾಕಿಸಿ, ಬಣ್ಣ ಬಳಿದು, ದಾರಿಹೋಕರನ್ನು ಕರೆದು ಕೊಡುತ್ತದೆ ಅಂದರೆ ಏನು ಅನ್ನಿಸಿರಬೇಡ! ಇದರಲ್ಲಿ ಏನೋ ಮಸಲತ್ತು ಇರಬೇಕು ಅನ್ನಿಸಿತು. ಮಸಲತ್ತು ಇತ್ತು. ಅದು ನನಗೆ ತಿಳಿದದ್ದು ಗ್ರಂಥಾಲಯ ಸೇರಿದ ಮೇಲೆ.

ಅಮೆರಿಕದಲ್ಲೂ ಮೊದಲಿಗೆ ಟೀ ಅಂಗಡಿ ಪದ್ಧತಿಯೇ. 1901ರಲ್ಲಿ ಶುರುವಾದ ‘ಬ್ಲೂ ಬುಕ್’ ಎಂಬ ದಾರಿ ಪುಸ್ತಕಗಳಲ್ಲಿ ನಕ್ಷೆಗಿಂತ ಮಾತೇ ಹೆಚ್ಚು. ಇಷ್ಟು ಮೈಲಿ ಹೋಗಿ, ಚರ್ಚಿನ ಹತ್ತಿರ ಎಡಕ್ಕೆ ತಿರುಗಿ, ಟ್ರಾಮ್ ಕಂಬಿ ದಾಟಿ, ಈ ಧಾಟಿಯಲ್ಲಿ. ಶಿಕಾಗೋದ ರಾಂಡ್ ಮೆಕ್‌ನ್ಯಾಲಿ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರತಿ ತಿರುವಿನ ಫೋಟೋ ಹಾಕಿತು. ಕಂಪನಿಯ ಮನೆಯ ಹುಡುಗ ಆಂಡ್ರೂ ಮೆಕ್‌ನ್ಯಾಲಿ ಮದುವೆಯಾದ ಹೊಸದರಲ್ಲಿ ಹೆಂಡತಿಯೊಡನೆ ಶಿಕಾಗೋದಿಂದ ಮಿಲ್ವಾಕಿಗೆ ಮಧುಚಂದ್ರಕ್ಕೆ ಹೋಗುತ್ತ ತಿರುವು ತಿರುವಿಗೂ ಇಳಿದು ಫೋಟೋ ತೆಗೆದನಂತೆ. ಆ ಹೆಂಡತಿ ಏನಂದಳೋ, ಯಾರೂ ಬರೆದಿಟ್ಟಿಲ್ಲ.

ಪುಕ್ಕಟೆ ನಕ್ಷೆಯ ಕಥೆ ಶುರುವಾಗುವುದು ಪಿಟ್ಸ್‌ಬರ್ಗ್‌ನಲ್ಲಿ. 1913ರ ಡಿಸೆಂಬರ್ 1ರಂದು ಬಾಮ್ ಬುಲೆವಾರ್ಡ್ ಮತ್ತು ಸೇಂಟ್ ಕ್ಲೇರ್ ಬೀದಿ ಕೂಡುವ ಮೂಲೆಯಲ್ಲಿ ಗಲ್ಫ್ ಕಂಪನಿ ಪೆಟ್ರೋಲ್ ಬಂಕ್ ತೆರೆಯಿತು, ಕಾರನ್ನು ನೇರ ಒಳಗೆ ತಂದು ನಿಲ್ಲಿಸುವಂಥದ್ದು. ಅದಕ್ಕೆ ಮುಂಚೆ ಪೆಟ್ರೋಲನ್ನು ಕಿರಾಣಿ ಅಂಗಡಿಯಲ್ಲೋ ಔಷಧಿ ಅಂಗಡಿಯಲ್ಲೋ ಡಬ್ಬದಲ್ಲಿ ಕೊಳ್ಳುತ್ತಿದ್ದರು. ಆ ಊರಿನ ಜಾಹೀರಾತಿನವನು ವಿಲಿಯಂ ಏಕಿನ್ ಗಲ್ಫ್‌ನವರಿಗೆ ಒಂದು ಉಪಾಯ ಹೇಳಿಕೊಟ್ಟ: ಸುತ್ತಮುತ್ತಲ ರಸ್ತೆಗಳ ನಕ್ಷೆ ಅಚ್ಚು ಹಾಕಿಸಿ ಕಾರಿನವರಿಗೆಲ್ಲ ಪುಕ್ಕಟೆ ಕಳಿಸಿ. ಅಲೆಗೆನಿ ಕೌಂಟಿಯ ಹತ್ತು ಸಾವಿರ ನಕ್ಷೆಗಳು ಅಂಚೆಯಲ್ಲಿ ಹೋದವು. ಅಲ್ಲಿಂದ ಆರು ದಶಕ ಎಣ್ಣೆ ಕಂಪನಿಗಳು ಹಂಚಿದ ನಕ್ಷೆಗಳ ಲೆಕ್ಕ ಎಂಟು ನೂರು ಕೋಟಿ ದಾಟುತ್ತದೆ ಎಂಬ ಅಂದಾಜಿದೆ. ರಾಂಡ್ ಮೆಕ್‌ನ್ಯಾಲಿ, ಗೌಷಾ, ಜನರಲ್ ಡ್ರಾಫ್ಟಿಂಗ್ ಎಂಬ ಮೂರು ಮನೆಗಳು ಬಹುಪಾಲನ್ನು ಬರೆದವು. ಒಳಗಿನ ನಕ್ಷೆ ಹೆಚ್ಚುಕಡಿಮೆ ಒಂದೇ, ಮೇಲಿನ ಹೊದಿಕೆಯಲ್ಲಿ ಆಯಾ ಕಂಪನಿಯ ಮುದ್ರೆ.

ನಮ್ಮ ಕಡೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತಾರಲ್ಲ, ಇಲ್ಲಿ ಕೊಟ್ಟವನೇ ಈರಭದ್ರ. ಕೈಯಲ್ಲಿ ನಕ್ಷೆ ಇದ್ದವನು ದೂರ ಹೋಗುತ್ತಾನೆ. ದೂರ ಹೋದವನು ಪೆಟ್ರೋಲ್ ಸುಡುತ್ತಾನೆ.

ಇದನ್ನು ನೋಡಿ ರಾಜ್ಯ ಸರ್ಕಾರಗಳು ಸುಮ್ಮನಿರುತ್ತವೆಯೇ? 1919ರಲ್ಲಿ ಆರೆಗನ್ ರಾಜ್ಯ ಗ್ಯಾಲನ್ ಪೆಟ್ರೋಲಿಗೆ ಒಂದು ಸೆಂಟ್ ತೆರಿಗೆ ಹಾಕಿತು. ಹತ್ತೇ ವರ್ಷದಲ್ಲಿ, 1929ರ ಹೊತ್ತಿಗೆ, ಆಗಿದ್ದ ನಲವತ್ತೆಂಟು ರಾಜ್ಯಗಳೂ ಹಾಕಿದ್ದವು. ಆ ದುಡ್ಡಿನಿಂದ ರಸ್ತೆ, ಆ ರಸ್ತೆಯ ಮೇಲೆ ಕಾರು, ಆ ಕಾರಿನಿಂದ ಮತ್ತೆ ತೆರಿಗೆ. ಹೊರರಾಜ್ಯದ ಕಾರು ನಮ್ಮಲ್ಲಿ ಇನ್ನೊಂದು ದಿನ ಸುತ್ತಿದರೆ ಖಜಾನೆಗೆ ಅಷ್ಟು ಚಿಲ್ಲರೆ ಬಿತ್ತು. ಹಾಗಾಗಿ ಹೆದ್ದಾರಿ ಇಲಾಖೆಗಳು ತಾವೇ ‘ಅಧಿಕೃತ ಹೆದ್ದಾರಿ ನಕ್ಷೆ’ ಮಾಡಿ ಹಂಚತೊಡಗಿದವು. ನಾನು ಪ್ರಸಾದವೆಂದು ಇಸಕೊಂಡ ಕಾಗದದ ಬೆಲೆಯನ್ನು ಯಜಮಾನರು ಬಂಕಿನಲ್ಲಿ ಆಗಲೇ ಕಟ್ಟಿದ್ದರು.

ನಕ್ಷೆ ಬರೆಯಬೇಕಾದರೆ ರಸ್ತೆಗೆ ಹೆಸರೋ ಸಂಖ್ಯೆಯೋ ಬೇಕು. ಮೊದಲು ಇದ್ದದ್ದು ಹೆಸರುಗಳು, ಅದೂ ಖಾಸಗಿ ಸಂಘಗಳು ಇಟ್ಟದ್ದು. 1913ರ ಲಿಂಕನ್ ಹೈವೇಗೆ ಕೆಂಪು, ಬಿಳಿ, ನೀಲಿ ಪಟ್ಟೆ. ಒಂದೊಂದು ದಾರಿಗೂ ಒಂದೊಂದು ಬಣ್ಣವನ್ನು ತಂತಿ ಕಂಬಗಳಿಗೆ ಬಳಿಯುತ್ತಿದ್ದರು. ನಾಲ್ಕು ದಾರಿ ಸೇರಿದ ಕಡೆ ಕಂಬ ಬುಡದಿಂದ ತುದಿಯವರೆಗೆ ಜಾತ್ರೆಯ ಕೋಲು. 1918ರಲ್ಲಿ ವಿಸ್ಕಾನ್ಸಿನ್ ಎಲ್ಲರಿಗಿಂತ ಮೊದಲು ರಾಜ್ಯದ ರಸ್ತೆಗಳಿಗೆಲ್ಲ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ರಸ್ತೆಯ ಮೇಲೂ ನಕ್ಷೆಯ ಮೇಲೂ ಹಾಕಿತು. 1926ರ ನವೆಂಬರ್‌ನಲ್ಲಿ ಇಡೀ ದೇಶಕ್ಕೆ ಸಂಖ್ಯೆ ಬಂತು. ಪೂರ್ವ ಪಶ್ಚಿಮಕ್ಕೆ ಹೋಗುವುದು ಸಮ, ಉತ್ತರ ದಕ್ಷಿಣಕ್ಕೆ ಬೆಸ. ಐಸೆನ್‌ಹೋವರ್ 1956ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಅಂತರರಾಜ್ಯ ಹೆದ್ದಾರಿಗಳಿಗೂ ಅದೇ ಸಮ–ಬೆಸ, ಆದರೆ ಎಣಿಕೆ ಮಾತ್ರ ತಿರುಗುಮುರುಗು: ಹಳೇ 1 ಪೂರ್ವ ಕರಾವಳಿಯಲ್ಲಿ, ಹೊಸ 5 ಪಶ್ಚಿಮ ಕರಾವಳಿಯಲ್ಲಿ. ಇಂಗ್ಲಿಷ್ ಸರಿಯಾಗಿ ಬಾರದಿದ್ದ ನನಗೆ ಈ ಲೆಕ್ಕ ಮೊದಲು ಬಂತು. ರಾಜ್ಯ ರಸ್ತೆಗಳ ಗುರುತಿನ ಫಲಕಗಳಂತೂ ರಂಗೋಲಿ ಪುಸ್ತಕದ ಹಾಗೆ: ಕಾನ್ಸಾಸ್‌ಗೆ ಸೂರ್ಯಕಾಂತಿ, ಯೂಟಾಗೆ ಜೇನುಗೂಡು, ವಾಷಿಂಗ್ಟನ್‌ಗೆ ಜಾರ್ಜ್ ವಾಷಿಂಗ್ಟನ್ನನ ತಲೆ, ನ್ಯೂ ಮೆಕ್ಸಿಕೋಗೆ ಅಲ್ಲಿನ ಮೂಲನಿವಾಸಿಗಳ ಸೂರ್ಯ. ನಮ್ಮ ಒಹಾಯೊಗೆ ಒಹಾಯೊದ್ದೇ ಆಕಾರ.

ಎಲ್ಲಿ ಹಂಚುವುದು? ಗಡಿಯಲ್ಲಿ. ಮಿಶಿಗನ್ ರಾಜ್ಯ 1935ರ ಮೇ 4ರಂದು ನ್ಯೂ ಬಫಲೋ ಎಂಬ ಊರಲ್ಲಿ, ಶಿಕಾಗೋ ಕಡೆಯಿಂದ ಜನ ಒಳಬರುವ 12ನೇ ಹೆದ್ದಾರಿಯ ಪಕ್ಕ, ಪ್ರವಾಸಿಗರಿಗೆಂದು ಮಾಹಿತಿ ಕೇಂದ್ರ ತೆರೆಯಿತು. ಒಂದು ರಾಜ್ಯ ಸರ್ಕಾರ ತಾನೇ ನಡೆಸಿದ ಅಂಥ ಕೇಂದ್ರ ದೇಶದಲ್ಲಿ ಅದೇ ಮೊದಲು. ಬಂದವರಿಗೆ ನೀರು, ನಗು, ನಕ್ಷೆ. ಈಗ ಸ್ವಾಗತ ಕೇಂದ್ರಗಳಿಲ್ಲದ ರಾಜ್ಯ ಹುಡುಕಬೇಕು.

ನನ್ನ ಮೇಜಿನ ಹಿಂದಿನ ಕಪಾಟಿನಲ್ಲಿ ಇಂಥ ನಕ್ಷೆಗಳ ಹಳೇ ಸಂಚಿಕೆಗಳಿದ್ದವು. ಮಳೆಗಾಲದ ಮಧ್ಯಾಹ್ನಗಳಲ್ಲಿ ಅವುಗಳನ್ನೇ ಓದುತ್ತಿದ್ದೆ. ಮುಂಭಾಗ ರಸ್ತೆ, ಹಿಂಭಾಗ ಬೂಟಾಟಿಕೆ. ರಾಜ್ಯಪಕ್ಷಿ, ರಾಜ್ಯಪುಷ್ಪ, ಸರೋವರದಲ್ಲಿ ಮೀನು ಹಿಡಿದ ಹುಡುಗ, ಎಂದೂ ಮೋಡವಿಲ್ಲದ ಆಕಾಶ. ಹಲವು ರಾಜ್ಯಗಳಲ್ಲಿ ಗವರ್ನರ್ ಮತ್ತು ಅವರ ಪತ್ನಿ ಸೋಫಾದ ಮೇಲೆ ಕೂತು ಸ್ವಾಗತ ಕೋರುತ್ತಾರೆ. ಅಲ್ಲಿ ಗವರ್ನರ್ ಅಂದರೆ ಚುನಾವಣೆ ಗೆದ್ದು ಬರುವವರು, ನಮ್ಮ ಮುಖ್ಯಮಂತ್ರಿಯ ಹಾಗೆ. ಸೋತರೆ ಗೋದಾಮಿನಲ್ಲಿ ಉಳಿದ ನಕ್ಷೆಯ ಗತಿ ಏನು? ರಸ್ತೆ ಬದಲಾಗಿಲ್ಲ, ಮುಖ ಬದಲಾಗಿದೆ.

ಇನ್ನು ನಮ್ಮ ಟೊಲೀಡೊ. ಈ ಊರು ಒಹಾಯೊದಲ್ಲಿ ಇರುವುದೇ ಒಂದು ತಪ್ಪು ನಕ್ಷೆಯ ದೆಸೆಯಿಂದ. 1787ರ ಕಾನೂನಿನಲ್ಲಿ ಮಿಶಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ಎಳೆದ ಗೆರೆಯೇ ಗಡಿ ಅಂತ ಬರೆದರು. ಬರೆಯುವಾಗ ಮುಂದಿಟ್ಟುಕೊಂಡದ್ದು 1755ರ ಮಿಚೆಲ್ ನಕ್ಷೆ. ಅದರಲ್ಲಿ ಸರೋವರದ ತುದಿ ನಿಜವಾಗಿ ಇರುವುದಕ್ಕಿಂತ ಉತ್ತರಕ್ಕಿತ್ತು. ನಕ್ಷೆಯ ಗೆರೆ ನಂಬಿದರೆ ಟೊಲೀಡೊ ಒಹಾಯೊದ್ದು, ನೆಲದ ಗೆರೆ ನಂಬಿದರೆ ಮಿಶಿಗನ್ನಿನದು. 1835ರಲ್ಲಿ ಎರಡೂ ಕಡೆಯವರು ದಂಡು ಕಟ್ಟಿಕೊಂಡು ಬಂದರು. ಟೊಲೀಡೊ ಯುದ್ಧ ಅಂತ ಹೆಸರು. ಅದರಲ್ಲಿ ರಕ್ತ ಕಂಡದ್ದು ಒಬ್ಬನೇ: ಮಿಶಿಗನ್ ಕಡೆಯ ಡೆಪ್ಯುಟಿ ಶೆರಿಫ್ ಜೋಸೆಫ್ ವುಡ್. ಅವನಿಗೆ ಚಾಕು ಹಾಕಿದವನ ಹೆಸರು ಟೂ ಸ್ಟಿಕ್ನಿ. ಹೌದು, ‘ಎರಡು’. ಅವನ ಅಣ್ಣನ ಹೆಸರು ವನ್. ಬೆಂಜಮಿನ್ ಸ್ಟಿಕ್ನಿ ಎಂಬ ಆ ಅಪ್ಪ ಮಕ್ಕಳಿಗೆ ಹೆದ್ದಾರಿಗಳಿಗಿಂತ ನೂರು ವರ್ಷಕ್ಕೂ ಮುಂಚೆಯೇ ನಂಬರ್ ಕೊಟ್ಟಿದ್ದ. ವುಡ್ ಬದುಕಿಕೊಂಡ. ಕೊನೆಗೆ ವಾಷಿಂಗ್ಟನ್ನಿನವರು ಟೊಲೀಡೊವನ್ನು ಒಹಾಯೊಗೇ ಬಿಟ್ಟು, ಮಿಶಿಗನ್ನಿಗೆ ಸಮಾಧಾನಕ್ಕೆ ಸರೋವರದಾಚೆಯ ಮೇಲಿನ ಪರ್ಯಾಯದ್ವೀಪವನ್ನು ಕೊಟ್ಟರು. 1837ರ ಜನವರಿಯಲ್ಲಿ ಮಿಶಿಗನ್ ರಾಜ್ಯವಾಯಿತು. ಕಾಡು ಕೊಟ್ಟು ಮೋಸ ಮಾಡಿದರು ಅಂತ ಅಂದು ಗೊಣಗಿದವರಿಗೆ ಆ ಕಾಡಿನಡಿ ತಾಮ್ರ, ಕಬ್ಬಿಣ ಸಿಕ್ಕಿತು.

ಆ ಹಗೆ ಈಗ ಫುಟ್‌ಬಾಲ್ ಮೈದಾನದಲ್ಲಿದೆ. ಮಿಶಿಗನ್ ವಿಶ್ವವಿದ್ಯಾಲಯಕ್ಕೂ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ನವೆಂಬರ್ ಕೊನೆಯಲ್ಲಿ ನಡೆಯುವ ಪಂದ್ಯದ ವಾರ ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಮನೆಯವರೇ ಮಾತು ಬಿಡುತ್ತಾರೆ. ನಾನು ಬರುವ ಮುನ್ನ, 1978–79ರ ಮಿಶಿಗನ್ ರಾಜ್ಯದ ಅಧಿಕೃತ ಹೆದ್ದಾರಿ ನಕ್ಷೆಯಲ್ಲಿ, ಗಡಿಯಿಂದ ಈಚೆ ಒಹಾಯೊದ ನೆಲದಲ್ಲಿ ಎರಡು ಹೊಸ ಊರುಗಳು ಎದ್ದವು. ಟೊಲೀಡೊಗೆ ಪೂರ್ವಕ್ಕೆ, ಬೋನೊ ಎಂಬ ಹಳ್ಳಿಯ ಪಕ್ಕ ‘ಗೊಬ್ಲು’. ಪಶ್ಚಿಮಕ್ಕೆ ಫುಲ್ಟನ್ ಕೌಂಟಿಯಲ್ಲಿ ‘ಬೀಟೋಸು’. ಬಿಡಿಸಿ ಓದಿ. ಮೊದಲನೆಯದು ‘ಗೋ ಬ್ಲೂ’, ನೀಲಿಯವರು ಗೆಲ್ಲಲಿ ಎಂಬ ಮಿಶಿಗನ್ನರ ಕೂಗು. ಎರಡನೆಯದು ‘ಬೀಟ್ ಓ ಎಸ್ ಯು’, ಒಹಾಯೊ ಸ್ಟೇಟನ್ನು ಬಡಿಯಿರಿ. ಹಾಕಿಸಿದವರು ಸಣ್ಣಪುಟ್ಟ ಗುಮಾಸ್ತರಲ್ಲ, ರಾಜ್ಯ ಹೆದ್ದಾರಿ ಆಯೋಗದ ಅಧ್ಯಕ್ಷರೇ ಆಗಿದ್ದ ಪೀಟರ್ ಫ್ಲೆಚರ್. ವಿಷಯ ಹೊರಬಿದ್ದ ಮೇಲೆ ಊರುಗಳನ್ನು ಅಳಿಸಿ ಮತ್ತೆ ಅಚ್ಚು ಹಾಕಿದರು. ಅಳಿಸದ ಪ್ರತಿಗೆ ಸಂಗ್ರಾಹಕರು ಬಾಯಿಬಾಯಿ ಬಿಡುತ್ತಾರೆ. ನಿವೃತ್ತರೊಬ್ಬರು ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಕೊಂಡು ನನ್ನ ಮೇಜಿಗೆ ತಂದಿದ್ದರು, ತೋರಿಸಲು ಮಾತ್ರ. ಕೈ ಚಾಚಿದೆ. ಅವರು ಹಿಂದಕ್ಕೆಳೆದುಕೊಂಡರು. ನನಗೆ ಕಡೂರಿನ ಹೆಡ್ ಗುಮಾಸ್ತರು ಕಂಡರು.

ಸುಳ್ಳು ಊರು ಅಂದಾಗ ಆಗ್ಲೋ ಕಥೆಯನ್ನು ಬಿಡುವುದು ಹೇಗೆ? ಅದು ಸರ್ಕಾರಿ ನಕ್ಷೆಯದಲ್ಲ, ಎಸ್ಸೋ ಬಂಕಿನ ನಕ್ಷೆಯದು. ಜನರಲ್ ಡ್ರಾಫ್ಟಿಂಗ್ ಕಂಪನಿಯ ಒಡೆಯ ಆಟೊ ಲಿಂಡ್‌ಬರ್ಗ್, ಸಹಾಯಕ ಅರ್ನೆಸ್ಟ್ ಆಲ್ಪರ್ಸ್. 1930ರ ದಶಕದಲ್ಲಿ ಇಬ್ಬರೂ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕಲಸಿ ‘ಆಗ್ಲೋ’ ಮಾಡಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟದ ಮಣ್ಣು ರಸ್ತೆಗಳು ಕೂಡುವಲ್ಲಿ ಇಟ್ಟರು. ಯಾರಾದರೂ ನಕಲು ಮಾಡಿದರೆ ಹಿಡಿಯುವ ಬಲೆ ಅದು. ಸ್ವಲ್ಪ ಕಾಲಕ್ಕೆ ರಾಂಡ್ ಮೆಕ್‌ನ್ಯಾಲಿ ನಕ್ಷೆಯಲ್ಲೂ ಆಗ್ಲೋ ಬಂತು. ಸಿಕ್ಕಿಬಿದ್ದರು ಅಂತ ಎದ್ದು ಹೋಗಿ ನೋಡಿದರೆ ಅಲ್ಲಿ ನಿಜವಾಗಿಯೂ ‘ಆಗ್ಲೋ ಜನರಲ್ ಸ್ಟೋರ್’ ಎಂಬ ಅಂಗಡಿ! ಕಟ್ಟಿದವನು ಎಸ್ಸೋ ನಕ್ಷೆ ನೋಡಿ, ಈ ಜಾಗದ ಹೆಸರು ಇದೇ ಇರಬೇಕು ಅಂದುಕೊಂಡು ಬೋರ್ಡು ಬರೆಸಿದ್ದ. ಅಂಗಡಿ ಮುಚ್ಚಿದ ಮೇಲೂ ಹೆಸರು ಉಳಿಯಿತು. ಗೂಗಲ್ ನಕ್ಷೆಯಿಂದ ಅದನ್ನು ತೆಗೆದದ್ದು 2014ರಲ್ಲಿ.

ಇಲ್ಲದ ಊರನ್ನು ಬರೆದ ನಕ್ಷೆಗಳು ಇದ್ದ ಒಂದು ಸಂಗತಿಯನ್ನು ಬರೆಯಲೇ ಇಲ್ಲ. ಅದನ್ನು ನನಗೆ ಹೇಳಿದವರು ಪಕ್ಕದ ಮೇಜಿನ ಸಹೋದ್ಯೋಗಿ, ನನಗಿಂತ ಹದಿನೈದು ವರ್ಷ ಹಿರಿಯ ಕಪ್ಪು ಹೆಂಗಸು, ನನಗೆ ಈ ಊರಲ್ಲಿ ಅಕ್ಕನ ಹಾಗೆ ಇದ್ದವರು. ಒಮ್ಮೆ ನಾನು ಹಳೇ ನಕ್ಷೆಗಳ ಬಣ್ಣ ಹೊಗಳುತ್ತಿದ್ದಾಗ ಅವರು, ನಮ್ಮಪ್ಪನ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಎರಡು ಇರುತ್ತಿದ್ದವು ಅಂದರು. ಒಂದು ರಸ್ತೆ ನಕ್ಷೆ. ಇನ್ನೊಂದು ‘ಗ್ರೀನ್ ಬುಕ್’. ನಕ್ಷೆಯಲ್ಲಿ ದಕ್ಷಿಣದ ಎಲ್ಲ ಊರೂ ಒಂದೇ ಕಪ್ಪು ಚುಕ್ಕೆ. ಯಾವ ಚುಕ್ಕೆಯಲ್ಲಿ ಕಪ್ಪು ಕುಟುಂಬಕ್ಕೆ ಹಾಸಿಗೆ ಸಿಗುತ್ತದೆ, ಯಾವುದರಲ್ಲಿ ಊಟ, ಯಾವುದರಲ್ಲಿ ಕತ್ತಲಾಗುವ ಮೊದಲು ಜಾಗ ಖಾಲಿ ಮಾಡಬೇಕು, ಇದನ್ನು ನಕ್ಷೆ ಹೇಳದು. ಅದಕ್ಕಾಗಿ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಹಾರ್ಲೆಮ್‌ನ ಅಂಚೆಯವರು 1936ರಲ್ಲಿ ಆ ಪುಸ್ತಕ ಶುರು ಮಾಡಿದರು. ತಮ್ಮನ್ನು ಸೇರಿಸುವ ಹೋಟೆಲು, ಮನೆ, ಬಂಕು, ಕ್ಷೌರದಂಗಡಿಗಳ ಪಟ್ಟಿ. ಅದನ್ನು ಮಾರಲು ಎಸ್ಸೋ ಬಂಕುಗಳು ಒಪ್ಪಿದವು. ಒಂದೇ ಕೌಂಟರಿನಲ್ಲಿ ಪುಕ್ಕಟೆ ನಕ್ಷೆ, ದುಡ್ಡು ಕೊಟ್ಟರೆ ಗ್ರೀನ್ ಬುಕ್. 1964ರ ನಾಗರಿಕ ಹಕ್ಕು ಕಾಯ್ದೆ ಬಂದು ಎರಡು ಮೂರು ವರ್ಷಕ್ಕೆ ಅದು ನಿಂತಿತು.

ನಾನು ಅಕ್ಕನ ಮುಂದೆ ‘ಅಯ್ಯೋ, ಹೀಗೂ ಉಂಟೇ’ ಅನ್ನಲಿಲ್ಲ. ನಮ್ಮ ಕಡೆ ಹೋಟೆಲಿನ ಹಿಂಬಾಗಿಲಲ್ಲಿ ಬೇರೆ ಲೋಟ ಬೋರಲು ಹಾಕಿಟ್ಟಿದ್ದನ್ನು ನೋಡುತ್ತಲೇ ಬೆಳೆದವಳು ನಾನು. ಅದಕ್ಕೆ ಪುಸ್ತಕವೂ ಬೇಕಿರಲಿಲ್ಲ. ಎಲ್ಲರಿಗೂ ಬಾಯಿಪಾಠ.

ನಮ್ಮ ಸಂಸಾರದಲ್ಲಿ ನಕ್ಷೆ ನನ್ನ ಖಾತೆ, ಸ್ಟೀರಿಂಗ್ ಯಜಮಾನರದು. ‘ಏನೇ, ಮುಂದಿನ ಎಕ್ಸಿಟ್ಟಾ?’ ‘ಅಲ್ಲ ರೀ, ಅದಾದ ಮೇಲಿನದು.’ ಮೂವತ್ತು ವರ್ಷದ ದಾಂಪತ್ಯದ ಮುಕ್ಕಾಲು ಮಾತುಕತೆ ಇಷ್ಟೇ. ಬಿಚ್ಚಿದ ನಕ್ಷೆಯನ್ನು ಮತ್ತೆ ಮಡಿಸಲು ಬಾರದೆ ಅಮೆರಿಕದ ಗಂಡಸರು ಕಾರಿನಲ್ಲೇ ಒದ್ದಾಡುವುದನ್ನು ನೋಡಿದ್ದೇನೆ. ಮೊದಲು ಉದ್ದುದ್ದಕ್ಕೆ ಒಳಗೆ ಹೊರಗೆ ಅಂತ ಮಡಿಕೆ, ಆಮೇಲೆ ಅಡ್ಡ. ಸೀರೆಯ ನೆರಿಗೆ ಹಿಡಿದ ಕೈಗೆ ಅದೇನು ಮಹಾ.

ತಪ್ಪಿದ್ದು ಒಂದು ಸಲ. 1981ರ ನವೆಂಬರ್‌ನಲ್ಲಿ ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೊರಟೆವು. ಇಲ್ಲಿಂದ ನಾಲ್ಕು ಗಂಟೆಯ ದಾರಿ, ನಡುವೆ ಇಂಡಿಯಾನ ರಾಜ್ಯ. ತೊಡೆಯ ಮೇಲೆ ಇಂಡಿಯಾನದ ಅಧಿಕೃತ ನಕ್ಷೆ, ಹಿಂದಿನ ಸೀಟಿನಲ್ಲಿ ನಾನು ಮಾಡಿದ ಪುಳಿಯೋಗರೆ. ಯಜಮಾನರು ಹೊತ್ತಾಯಿತು ಹೊತ್ತಾಯಿತು ಅಂತ ಎಲ್ಲೂ ನಿಲ್ಲಿಸಲಿಲ್ಲ. ಹೋಗಿ ನೋಡಿದರೆ ಸಭಾಂಗಣಕ್ಕೆ ಬೀಗ. ಒಂದು ಗಂಟೆ ಚಳಿಯಲ್ಲಿ ಕಾರಿನೊಳಗೆ ಕೂತೆವು. ಆಮೇಲೆ ನಕ್ಷೆ ಬಿಚ್ಚಿದಾಗ ಕಂಡಿತು: ಸೌತ್ ಬೆಂಡ್ ದಾಟಿದ ಮೇಲೆ ಮೇಲಿಂದ ಕೆಳಕ್ಕೆ ಸಣ್ಣ ಚುಕ್ಕೆಗೆರೆ, ಕಾಲವಲಯದ ಗಡಿ. ಅದನ್ನು ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ನಕ್ಷೆ ಹೇಳಿತ್ತು, ನಾನು ಓದಿರಲಿಲ್ಲ. ಕನ್ನಡದ ಕಾರ್ಯಕ್ರಮಕ್ಕೆ ಯಾರಾದರೂ ಒಂದು ಗಂಟೆ ಮುಂಚೆ ಬಂದದ್ದು ಅದೊಂದೇ ಸಲ ಎಂದು ಅಲ್ಲಿನವರು ಬಹಳ ವರ್ಷ ನಗುತ್ತಿದ್ದರು.

ನಾನು ಬರುವಷ್ಟರಲ್ಲಿ ಬಂಕುಗಳ ದಾನ ಮುಗಿದಿತ್ತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೇ ಸಾಲು ನಿಂತಾಗ ಇನ್ನಷ್ಟು ಸುಡಿ ಅಂತ ನಕ್ಷೆ ಕೊಡುವವರು ಯಾರು? ಬಂಕಿನಲ್ಲಿ ನಕ್ಷೆ ಬೆಲೆಗೆ ಬಂತು. ಪುಕ್ಕಟೆ ಉಳಿದದ್ದು ರಾಜ್ಯಗಳದು ಮಾತ್ರ. ಈಗ ಫೋನು ಬಂದ ಮೇಲೆ ಅದೂ ಸೊರಗಿದೆ. ವಾಷಿಂಗ್ಟನ್ ರಾಜ್ಯ ಹಣದ ಅಡಚಣೆಯಿಂದ ಮುದ್ರಣವನ್ನೇ ಕೈಬಿಟ್ಟಿತು. ಇನ್ನು ಕೆಲವು ರಾಜ್ಯಗಳು ಪ್ರತಿಗಳನ್ನು ಕಡಿಮೆ ಮಾಡಿವೆ. ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ ಪೆಟ್ಟಿಗೆಗಳು ನಾನು ನಿವೃತ್ತಳಾಗುವ ಹೊತ್ತಿಗೆ ಒಂದು ಕಟ್ಟಿಗೆ ಇಳಿದಿದ್ದವು. ಇದಕ್ಕೆ ಅಳುತ್ತ ಕೂರುವವಳಲ್ಲ ನಾನು. ಫೋನು ದಾರಿ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಅದು ತೋರಿಸುವುದು ನಾವು ಕೇಳಿದ ದಾರಿಯನ್ನು. ಕೇಳದ ಊರುಗಳು ತೊಡೆಯ ಮೇಲೆ ಹರಡಿಕೊಳ್ಳುವುದು ಕಾಗದದಲ್ಲಿ ಮಾತ್ರ.

ಬಾಣಂತನಕ್ಕೆಂದು ಅಮೆರಿಕಕ್ಕೆ ಬರುವ ತಾಯಂದಿರೇ, ನಿಮಗೊಂದು ಮಾತು. ಬಿಡುವಾಗಿ ಎಲ್ಲಿಗಾದರೂ ಹೊರಟಾಗ, ರಾಜ್ಯದ ಗಡಿ ದಾಟಿದ ಕೂಡಲೇ ಸಿಗುವ ಮೊದಲ ಸ್ವಾಗತ ಕೇಂದ್ರದಲ್ಲಿ ನಿಲ್ಲಿಸಲು ಅಳಿಯಂದಿರಿಗೆ ಹೇಳಿ. ಒಳಗೆ ಹೋಗಿ ‘ಸ್ಟೇಟ್ ಹೈವೇ ಮ್ಯಾಪ್’ ಅಂತ ಕೇಳಿದರೆ ಸಾಕು. ಅಲ್ಲಿ ಮುಗಿದಿದ್ದರೆ ಊರಿನ ಪ್ರವಾಸಿ ಕಚೇರಿ, ಇಲ್ಲವೇ ಗ್ರಂಥಾಲಯ. ಅಲ್ಲೂ ಇಲ್ಲವಾದರೆ ಆ ರಾಜ್ಯದ ಸಾರಿಗೆ ಇಲಾಖೆಗೋ ಪ್ರವಾಸೋದ್ಯಮದವರಿಗೋ ಬರೆದರೆ ಎಷ್ಟೋ ರಾಜ್ಯಗಳು ಅಂಚೆಯಲ್ಲಿ ಮನೆಗೇ ಕಳಿಸುತ್ತವೆ. ಒಹಾಯೊ ಇನ್ನೂ ಅಚ್ಚು ಹಾಕಿಸುತ್ತದೆ, ಇನ್ನೂ ಪುಕ್ಕಟೆ. ಎರಡು ತನ್ನಿ. ಒಂದನ್ನು ಊರಿಗೆ ಒಯ್ಯಿರಿ. ಸೂಟ್‌ಕೇಸಿನಲ್ಲಿ ಅದಕ್ಕೆ ತೂಕವಿಲ್ಲ.